ನನ್ನನ್ನೂ ವಿಚಾರಿಸಿದ ಎಲ್ಲರಿಗೆ

ನಮ್ಮ ಯಜಮಾನರು ಈಗ ವಾಕರ್ ಹಿಡಿದು ತಾವೇ ಬಚ್ಚಲಮನೆ ತನಕ ಹೋಗಿ ಬರುತ್ತಾರೆ. ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಎರಡೂ ಬಿದ್ದುಹೋದಾಗ ಇಷ್ಟಾಗುತ್ತೆ ಅಂತ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಹಾರೈಸಿದ ಎಲ್ಲರಿಗೂ ಧನ್ಯವಾದ. ಆದರೆ "ಯಜಮಾನರು ಹೇಗಿದ್ದಾರೆ" ಅಂತ ಕೇಳಿದ ಮೇಲೆ "ನೀವು ಹೇಗಿದ್ದೀರಿ" ಅಂತಲೂ ಕೇಳಿ, ನಾನು ಬಾಯಿ ಬಿಡುವ ತನಕ ಕಾದವರು ಕೆಲವರಿದ್ದಾರೆ. ಇದನ್ನು ಮುಖ್ಯವಾಗಿ ಅವರಿಗೇ ಬರೆಯುತ್ತಿದ್ದೇನೆ.

ಮೊದಲು ಡಾಕ್ಟರಮ್ಮ. ಇವರ ಬಿಪಿ ನೋಡಿ ಮುಗಿಸಿ ಅದೇ ಪಟ್ಟಿಯನ್ನು ನನ್ನ ತೋಳಿಗೂ ಸುತ್ತಿದರು. ನಿದ್ದೆ ಎಷ್ಟು, ಊಟ ಯಾವಾಗ, ಸುಮ್ನೆ ಕೂತಾಗ ಅಳು ಬರುತ್ತಾ, ಎಲ್ಲ ಕೇಳಿದರು. 1999ರಲ್ಲಿ ಜಾಮಾ ಅನ್ನುವ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದ ಬಗ್ಗೆ ಹೇಳಿದ್ದೂ ಅವರೇ. 66 ದಾಟಿದವರನ್ನು ಸುಮಾರು 4 ವರ್ಷ ಗಮನಿಸಿದಾಗ, ಗಂಡನನ್ನೋ ಹೆಂಡತಿಯನ್ನೋ ನೋಡಿಕೊಳ್ಳುತ್ತಾ ಒತ್ತಡದಲ್ಲಿ ನಲುಗುತ್ತಿದ್ದವರಲ್ಲಿ ಸಾವಿನ ಅಪಾಯ ಅಂಥ ಹೊಣೆ ಇಲ್ಲದವರಿಗಿಂತ ಶೇ 63ರಷ್ಟು ಜಾಸ್ತಿ ಇತ್ತಂತೆ. ನೋಡಿಕೊಂಡರೂ ಒತ್ತಡ ಇಲ್ಲದವರಲ್ಲಿ ಅದು ಹಾಗೆ ಏರಿರಲಿಲ್ಲ. "ಅವರನ್ನು ನೋಡಿಕೊಳ್ಳಿ, ಆದರೆ ಒಬ್ಬರೇ ಹೊರಬೇಡಿ" ಅಂದರು.

ಎತ್ತುವುದು ಕಲಿಸಿದ ಫಿಸಿಯೋಥೆರಪಿ ಹುಡುಗನಿಗೂ ನಾನು ಋಣಿ. ಸೊಂಟ ಬಗ್ಗಿಸಬೇಡಿ ಅಮ್ಮ, ಮಂಡಿ ಬಗ್ಗಿಸಿ ಅಂದ. ಬಿದ್ದ ಕೈ ಹಿಡಿದು ಎಳೆಯಲೇಬಾರದು, ಭುಜದ ಕೀಲು ಜಾರುತ್ತೆ ಅಂತ ತೋರಿಸಿದ. ನನ್ನ ಬೆನ್ನು ಉಳಿದಿದ್ದರೆ ಅವನಿಂದ.

ಪಕ್ಕದ ಮನೆಯ ಹಿರಿಯರ ಮಾತು ಇಲ್ಲಿ ಬರೆಯಲೇಬೇಕು. ಮರೆವಿನ ಕಾಯಿಲೆ ಬಂದ ಹೆಂಡತಿಯನ್ನು ಕೊನೆ ತನಕ ನೋಡಿಕೊಂಡವರು ಅವರು. "ಎಂಥಾ ಗಂಡ ಅಂತ ಎಲ್ಲರೂ ನನ್ನನ್ನು ಹೊಗಳಿದರು, ಅಡುಗೆ ಮಾಡಿ ತಂದುಕೊಟ್ಟರು. ನಿಮಗೆ ಯಾರಾದರೂ ಹಾಗೆ ಮಾಡಿದರಾ?" ಅಂತ ಕೇಳಿದರು. ಇಲ್ಲ ಅಂದೆ. ಹೆಂಡತಿ ಅಂದಮೇಲೆ ಮಾಡಬೇಕಾದ್ದೇ ಅಲ್ವಾ ಅಂದುಕೊಳ್ಳುತ್ತಾರೆ ಜನ. ಸ್ವಲ್ಪ ಹೊತ್ತು ಬಿಟ್ಟು ಅವರೇ ಅಂದರು, "ಆದರೆ ನನಗೆ ಅಳು ಬರುತ್ತಾ ಅಂತ ಮಾತ್ರ ಯಾರೂ ಕೇಳಲಿಲ್ಲ." ನೋಡಿಕೊಳ್ಳುವ ಹೆಂಗಸರಲ್ಲಿ ಖಿನ್ನತೆ ಸ್ವಲ್ಪ ಜಾಸ್ತಿ ಅಂತ ಅಧ್ಯಯನಗಳು ಹೇಳುತ್ತವೆ, ಅದಕ್ಕೆ ಒಂದು ಕಾರಣ ಅವರ ಪಾಲಿಗೆ ಹೆಚ್ಚು ಗಂಟೆ, ಹೆಚ್ಚು ಮೈಕೈ ಮುಟ್ಟಿ ಮಾಡುವ ಕೆಲಸ ಬರುವುದು. ಗಂಡಸರ ನೋವು ಲೆಕ್ಕಕ್ಕೇ ಸಿಗದೆ ಹೋಗುವುದೂ ಉಂಟು ಅಂತ ನನಗೆ ಅವತ್ತು ಅನಿಸಿತು. ನಾವಿಬ್ಬರೂ ಈಗ ವಾರಕ್ಕೊಮ್ಮೆ ಕೂತು ಮಾತಾಡುತ್ತೇವೆ. ಜೊತೆಗಿದ್ದಿದ್ದಕ್ಕೆ ತುಂಬಾ ಧನ್ಯವಾದ, ಅಣ್ಣಾ.

ಇನ್ನು ಇವರಿಗೆ. ಹೆಂಡತಿ ಬಿಟ್ಟು ಬೇರೆ ಯಾರೂ ಮೈ ಮುಟ್ಟಕೂಡದು ಅಂತ ಹಟ ಹಿಡಿದಿದ್ದ ಮನುಷ್ಯ, ಒಂದು ದಿನ ನನ್ನ ಕೈ ನಡುಗೋದು ನೋಡಿ, ಇನ್ನೂ ತೊದಲುವ ಮಾತಲ್ಲೇ "ಆ ಹುಡುಗನ್ನ ಕರಿ, ಸ್ನಾನ ಮಾಡಿಸಲಿ" ಅಂದರು. ನಾಚಿಕೆ ಬಿಟ್ಟು ಮೈ ಇನ್ನೊಬ್ಬರ ಕೈಗೆ ಕೊಡೋದು ಅವರ ವಯಸ್ಸಿನ ಗಂಡಸಿಗೆ ಸುಲಭ ಅಲ್ಲ. ನನಗೋಸ್ಕರ ಒಪ್ಪಿಕೊಂಡರು. ನನಗೆ ಸಿಕ್ಕ ಸಹಾಯದಲ್ಲೆಲ್ಲ ಇದೇ ದೊಡ್ಡದು.

ತುಂಬಾ ದಿನದಿಂದ ಮುಂದೂಡುತ್ತಾ ಬಂದಿದ್ದ ನನ್ನ ಕಣ್ಣಿನ ಪೊರೆಯ ಆಪರೇಷನ್ ಬರುವ ತಿಂಗಳು ಇದೆ. ಆಗ ಅಪ್ಪನನ್ನು ನೋಡಿಕೊಳ್ಳೋದು ಮಗ. ಸೊಸೆಗೆ ದಾಟಿಸದೆ, ಮಾತ್ರೆ, ವ್ಯಾಯಾಮ, ರಾತ್ರಿ ಏಳೋದು ಎಲ್ಲ ನಾನೇ ಮಾಡ್ತೀನಿ ಅಂತ ಈಗಲೇ ರಜೆ ಹಾಕಿದ್ದಾನೆ. ಅವನಿಗೂ ಥ್ಯಾಂಕ್ಸ್. ದಯವಿಟ್ಟು ಆ ವಾರ ಫೋನ್ ಮಾಡುವವರು ಅವನನ್ನೂ ಹೇಗಿದ್ದೀಯ ಅಂತ ಕೇಳಿ.