ಕೆಂಪು ಮುಚ್ಚಳವೋ, ಕಿತ್ತಳೆ ಮುಚ್ಚಳವೋ?

ಮಾನ್ಯ ಸಂಪಾದಕರೇ,

ನವೆಂಬರ್ 14 ಬಂತೆಂದರೆ ನಮ್ಮೂರಲ್ಲಿ ಶುಗರ್ ತಪಾಸಣೆ ಶಿಬಿರದ ಬ್ಯಾನರ್‌ಗಳಿಗೆ ಬರವಿಲ್ಲ. ಮಕ್ಕಳ ದಿನಾಚರಣೆಯಂದೇ ವಿಶ್ವ ಮಧುಮೇಹ ದಿನವೂ ಬರುತ್ತದಲ್ಲ. ಬೆರಳು ಚುಚ್ಚಿ ರಕ್ತ ನೋಡುತ್ತಾರೆ, ಅನ್ನ ಕಮ್ಮಿ ಮಾಡಿ, ವಾಕಿಂಗ್ ಹೋಗಿ ಅನ್ನುತ್ತಾರೆ. ಸರಿಯೇ. ಆದರೆ ಮನೆಯಲ್ಲಿ ದಿನಾ ಇನ್ಸುಲಿನ್ ಚುಚ್ಚುವವರಿಗೆ ಸಿರಿಂಜ್ ಹಿಡಿಯುವುದನ್ನು ಕಲಿಸುವವರು ಯಾರು?

ನಮ್ಮ ಅಮ್ಮನಿಗೆ ಬೆಳಿಗ್ಗೆ 20 ಯೂನಿಟ್, ರಾತ್ರಿ 12. ಚುಚ್ಚುವವನು ನಾನೇ. ಒಮ್ಮೆ ಮೆಡಿಕಲ್ ಅಂಗಡಿಯಲ್ಲಿ ಮಾಮೂಲಿ ಸಿರಿಂಜ್ ಇರಲಿಲ್ಲ. ‘ಇದೂ ಇನ್ಸುಲಿನ್ದೇ, ತಗೊಳ್ಳಿ’ ಅಂತ ಬೇರೆ ಕೊಟ್ಟರು. ಮೂರು ವಾರ ಅದರಲ್ಲೇ ಕೊಟ್ಟೆ. ಶುಗರ್ 300 ದಾಟಿತು. ಅಮ್ಮ ಕದ್ದು ಸಿಹಿ ತಿನ್ನುತ್ತಾರೆಂದು ನಾನು ಜಗಳ ಬೇರೆ ಆಡಿದ್ದೆ. ಡಾಕ್ಟರು ಡೋಸ್ ಏರಿಸಲು ಪೆನ್ನು ತೆಗೆದಿದ್ದರು. ಪಕ್ಕದಲ್ಲಿದ್ದ ಸಿಸ್ಟರ್ ಸುಮ್ನೆ ಕೇಳಿದರು: ‘ಸಿರಿಂಜ್ ತಂದಿದ್ದೀರಾ?’ ಬ್ಯಾಗಿನಲ್ಲಿತ್ತು. ನೋಡಿದವರೇ, ‘ಕಿತ್ತಳೆ ಮುಚ್ಚಳ! ಬಾಟಲಿ 40ರದ್ದಲ್ವಾ?’ ಅಂದರು.

ವಿಷಯ ಇಷ್ಟೇ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಇನ್ಸುಲಿನ್ ಬಾಟಲಿಯಲ್ಲಿ ಒಂದು ಎಂ.ಎಲ್.ಗೆ 40 ಯೂನಿಟ್ ಇರುತ್ತದೆ. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಒಂದು ಎಂ.ಎಲ್.ಗೆ 100 ಯೂನಿಟ್ ಇರುವ ಬಾಟಲಿಯೂ ಇದೆ. ಅದಕ್ಕೆ ಕಿತ್ತಳೆ ಮುಚ್ಚಳದ್ದು. ನಾನು ಕಿತ್ತಳೆ ಸಿರಿಂಜ್‌ನಲ್ಲಿ 20ರ ಗೆರೆವರೆಗೆ ಎಳೆದರೆ ಅಮ್ಮನಿಗೆ ಹೋಗುತ್ತಿದ್ದುದು ಬರೀ 8 ಯೂನಿಟ್.

ಉಲ್ಟಾ ಆದರೆ ಇನ್ನೂ ಅಪಾಯ. 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜ್‌ನಲ್ಲಿ 20ರ ಗೆರೆಗೆ ಎಳೆದರೆ 50 ಯೂನಿಟ್ ಒಳಗೆ ಹೋಗುತ್ತದೆ. ಪೆನ್ನಿನ ಆಕಾರದ ಇನ್ಸುಲಿನ್ ಚುಚ್ಚುವ ಸಾಧನದ ಕಾರ್ಟ್ರಿಜ್‌ನಿಂದ (ಅದರೊಳಗಿನ ಇನ್ಸುಲಿನ್ ಕೊಳವೆಯಿಂದ) ಸಿರಿಂಜ್‌ಗೆ ಎಳೆಯುವವರೂ ಇದ್ದಾರೆ. ಅದೂ ಸಾಮಾನ್ಯವಾಗಿ 100ರದ್ದೇ. ದಯವಿಟ್ಟು ಬೇಡ. ಇನ್ನೊಂದು ಯೋಚನೆ ಬಂದು ಆ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ. ಆವತ್ತು ಡೋಸ್ ಏರಿಸಿ, ಮುಂದಿನ ತಿಂಗಳು ಅಂಗಡಿಯವರು ಮತ್ತೆ ಕೆಂಪು ಸಿರಿಂಜ್ ಕೊಟ್ಟಿದ್ದರೆ?

ಇನ್ಸುಲಿನ್ ಜಾಸ್ತಿಯಾಗಿ ಶುಗರ್ 70ಕ್ಕಿಂತ ಕೆಳಗಿಳಿದರೆ ಬೆವರು, ನಡುಕ, ಮಾತು ತೊದಲುವುದು ಶುರುವಾಗಬಹುದು. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ಕದಡಿದ ನೀರು ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಬೇಕು.

ಆ ಸಿಸ್ಟರ್ ಹತ್ತು ನಿಮಿಷ ಕೂರಿಸಿಕೊಂಡು ಉಳಿದದ್ದನ್ನೂ ಹೇಳಿಕೊಟ್ಟರು. ಅಮ್ಮನದು 30/70. ಬೇಗ ಕೆಲಸ ಮಾಡುವುದೂ ನಿಧಾನಕ್ಕೆ ಮಾಡುವುದೂ ಬೆರೆತದ್ದು, ಹಾಲಿನಂತೆ ಮಬ್ಬು. ನಿಂತಲ್ಲೇ ತಳಕ್ಕೆ ಕೂರುತ್ತದೆ. ಅದಕ್ಕೆ ಪ್ರತಿಸಲ ಅಂಗೈಗಳ ನಡುವೆ ಬತ್ತಿ ಹೊಸೆದ ಹಾಗೆ ಮೆಲ್ಲಗೆ ಉರುಳಿಸಬೇಕು. ನಾನು ಕೆಮ್ಮಿನ ಸಿರಪ್ಪಿನಂತೆ ಕುಲುಕುತ್ತಿದ್ದೆ! ನೊರೆ ಬಂದರೆ ಅಳತೆ ತಪ್ಪುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುವ ‘ರೆಗ್ಯುಲರ್’ ಎಂಬ ಇನ್ಸುಲಿನ್ ನೀರಿನಂತೆ ತಿಳಿಯಾಗಿರುತ್ತದೆ. ಅದು ಮಬ್ಬಾಗಿದ್ದರೆ ಎಸೆಯಬೇಕು. ದಿನಕ್ಕೊಮ್ಮೆ ಕೊಡುವ ಗ್ಲಾರ್ಜಿನ್ ಕೂಡ ತಿಳಿಯೇ, ಆದರೆ ಅದನ್ನು ಬೇರೆ ಇನ್ಸುಲಿನ್ ಜೊತೆ ಒಂದೇ ಸಿರಿಂಜ್‌ನಲ್ಲಿ ಬೆರೆಸುವ ಹಾಗಿಲ್ಲ. ಎಷ್ಟು ಯೂನಿಟ್ ಬೇಕೋ ಅಷ್ಟೇ ಗಾಳಿಯನ್ನು ಮೊದಲು ಬಾಟಲಿಗೆ ತುಂಬಿ ಆಮೇಲೆ ಎಳೆದರೆ ಸಲೀಸು. ಇನ್ನು ಫ್ರೀಜರ್ ಅಂತೂ ಬೇಡವೇ ಬೇಡ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ನನ್ನ ಕೋರಿಕೆ ದೊಡ್ಡದೇನಲ್ಲ. ಡಾಕ್ಟರು ಚೀಟಿಯಲ್ಲಿ ‘40’ ಅಥವಾ ‘100’ ಎಂದು ಸಿರಿಂಜ್ ಹೆಸರಿನ ಪಕ್ಕ ಬರೆಯಲಿ. ಅಂಗಡಿಯವರು ಸಿರಿಂಜ್ ಕೊಡುವ ಮುಂಚೆ ‘ಬಾಟಲಿ ಯಾವುದು?’ ಅಂತ ಕೇಳಲಿ. ಆರೋಗ್ಯ ಇಲಾಖೆ ಈ ಎರಡು ಮುಚ್ಚಳಗಳ ಬಣ್ಣದ ಚಿತ್ರ ಹಾಕಿ, ಕನ್ನಡದಲ್ಲಿ ಒಂದು ಚೀಟಿ ಮಾಡಿಸಿ ಪ್ರತಿ ಮೆಡಿಕಲ್ ಅಂಗಡಿಯ ಗಾಜಿಗೆ ಅಂಟಿಸಲಿ. ಶಿಬಿರದ ಬ್ಯಾನರ್‌ಗಿಂತ ಜಾಸ್ತಿ ಖರ್ಚೇನೂ ಆಗಲ್ಲ.

ಅಮ್ಮನ ಶುಗರ್ ಈಗ ಹತೋಟಿಗೆ ಬಂದಿದೆ. ಉಳಿದ ಕಿತ್ತಳೆ ಸಿರಿಂಜ್‌ಗಳನ್ನು ವಾಪಸ್ ಕೊಡಲು ಹೋದೆ. ಅಂಗಡಿಯವರು, ‘ಇಟ್ಕೊಂಡಿರಿ ಸಾರ್, ಯಾವಾಗಾದ್ರೂ ಬೇಕಾಗುತ್ತೆ’ ಅಂದರು.

— ಒಬ್ಬ ಓದುಗ, ತಿಪಟೂರು