ವ್ಯಾನಿನ ಎಸಿಗೆ ಗ್ಯಾಸ್ ತುಂಬಿಸುವ ಮೊದ್ಲು ಲೀಕ್ ಹುಡುಕಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಮೊನ್ನೆ ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಒಬ್ರು ಹಳೇ ವ್ಯಾನಿನ ಎಸಿಗೆ ದುಡ್ಡು ಹಾಕುದು ದಂಡ, ಪ್ರತೀ ಬೇಸಗೆಗೆ ಗ್ಯಾಸ್ ತುಂಬಿಸುದು, ಎರಡು ತಿಂಗಳಾಗುವಾಗ ಪುನಃ ಬಿಸಿ ಗಾಳಿ, ಅದಕ್ಕಿಂತ ಗ್ಲಾಸ್ ಇಳಿಸಿ ಹೋಗುದೇ ಒಳ್ಳೇದು ಅಂತ ಬರ್ದಿದ್ರು. ಅವರ ಬೇಜಾರು ನಂಗೆ ಅರ್ಥ ಆಗ್ತದೆ, ನಮ್ಮ ಕಾಸರಗೋಡಿನ ವ್ಯಾನಿನವರದ್ದು ಎಲ್ಲರದ್ದೂ ಅದೇ ಕಥೆ. ಆದ್ರೆ ಅದು ವ್ಯಾನ್ ಹಳತಾದ ಕಾರಣಕ್ಕೆ ಆಗುದಲ್ಲ, ಲೀಕ್ ಎಲ್ಲಿ ಅಂತ ನೋಡದೆ ಮೇಲಿಂದ ಮೇಲೆ ಗ್ಯಾಸ್ ತುಂಬಿಸುವ ಕಾರಣಕ್ಕೆ ಆಗುದು. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಯ್ತು, ದಯವಿಟ್ಟು ಕತ್ತರಿಸದೆ ಹಾಕಿ.

ಎಸಿಯ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಮುಗಿಯುವ ವಸ್ತು ಅಲ್ಲ. ಗ್ಯಾಸನ್ನು ಒತ್ತಿ ದೂಡುವ ಕಂಪ್ರೆಸರಿಂದ ಅದ್ರ ಬಿಸಿ ಹೊರಗೆ ಬಿಡುವ ಕಂಡೆನ್ಸರಿಗೆ, ಅಲ್ಲಿಂದ ನೀರಿನ ಪಸೆ ಹೀರುವ ಡ್ರೈಯರ್, ಸಣ್ಣ ತೂತಿನ ಎಕ್ಸ್‌ಪಾನ್ಶನ್ ವಾಲ್ವ್ ದಾಟಿ ಒಳಗಿನ ಗಾಳಿ ತಂಪು ಮಾಡುವ ಕೂಲಿಂಗ್ ಕಾಯಿಲಿಗೆ, ಪುನಃ ಕಂಪ್ರೆಸರಿಗೆ, ಅದೇ ಗ್ಯಾಸ್ ತಿರುಗ್ತಾ ಇರ್ತದೆ. ರಬ್ಬರ್ ಹೋಸು, ಕಂಪ್ರೆಸರಿನ ಶಾಫ್ಟ್ ಸೀಲಲ್ಲಿ ವರ್ಷಗಟ್ಟಲೆ ಓಡಿದ ಮೇಲೆ ಒಂಚೂರು ಇಳಿಯುದುಂಟು, ಅದು ಬೇರೆ. ಎರಡೇ ತಿಂಗಳಲ್ಲಿ ಖಾಲಿ ಆಯ್ತು ಅಂತಾದ್ರೆ ಎಲ್ಲೋ ತೂತು ಉಂಟು ಅಂತಲೇ ಅರ್ಥ. ತೂತು ಮುಚ್ಚದೆ ತುಂಬಿಸಿದ್ರೆ ಎಷ್ಟು ಸಲ ತುಂಬಿಸಿದ್ರೂ ಅಷ್ಟೇ.

ಹಿಂದಿನ ಸೀಟಿಗೂ ಕೂಲಿಂಗ್ ಇರುವ ವ್ಯಾನುಗಳಲ್ಲಿ ನಾನು ಜಾಸ್ತಿ ನೋಡಿದ ಲೀಕ್ ಅಂದ್ರೆ ಬಾಡಿಯ ಅಡಿಯಿಂದ ಹಿಂದೆ ಹೋಗುವ ಅಲ್ಯೂಮಿನಿಯಂ ಪೈಪಿಂದು. ಅದನ್ನು ಕ್ಲಿಪ್ಪು ಹಾಕಿ ಚಾಸಿಗೆ ಕಟ್ಟಿರ್ತಾರೆ, ಕ್ಲಿಪ್ಪಿನ ಒಳಗೆ ಒಂದು ರಬ್ಬರ್ ತುಂಡು. ಆ ರಬ್ಬರ್ ಸವೆದು ಹೋದ್ರೆ ಪೈಪು ಕಬ್ಬಿಣಕ್ಕೆ ತಾಗಿ ತಾಗಿ ಉಜ್ಜುತ್ತದೆ, ಅದ್ರೆಡೆಲಿ ಮಣ್ಣು ಕೂತು ಮಳೆಗಾಲ ಇಡೀ ಒದ್ದೆ, ಸಮುದ್ರದ ಉಪ್ಪುಗಾಳಿ ಬೇರೆ, ಕಡೆಗೆ ಅಲ್ಲಿ ಬಿಳೀ ಹುಡಿ ಹುಡಿ ಬಂದು ಪೈಪು ತಿಂದು ಹೋಗಿರ್ತದೆ. ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡಿದ್ರೆ ಗೊತ್ತಾಗ್ತದೆ, ಉಳಿದ ಕಡೆ ಮಣ್ಣು ಒಣಗಿ ಉದುರ್ತದೆ, ಲೀಕ್ ಇದ್ದ ಜಾಗದಲ್ಲಿ ಮಾತ್ರ ಕಪ್ಪಾಗಿ ಎಣ್ಣೆ ಹಿಡಿದ ಹಾಗೆ ಅಂಟಿಕೊಂಡಿರ್ತದೆ. ಗ್ಯಾಸಿನ ಒಟ್ಟಿಗೇ ಕಂಪ್ರೆಸರಿನ ಎಣ್ಣೆಯೂ ತಿರುಗುವ ಕಾರಣ ಗ್ಯಾಸ್ ಹೋದಲ್ಲಿ ಎಣ್ಣೆ ಕಲೆ ಬಿಡ್ತದೆ. ಅದಕ್ಕೆ ಸೋಪಿನ ನೊರೆ ಹಚ್ಚಿ ಸ್ವಲ್ಪ ಹೊತ್ತು ಕೂತು ನೋಡ್ಬೇಕು, ಸಾಸಿವೆಯಷ್ಟು ಸಣ್ಣ ಗುಳ್ಳೆ ಒಂದೊಂದೇ ಏಳ್ತದೆ. ಅರ್ಜೆಂಟಲ್ಲಿ ನೋಡಿದವನಿಗೆ ಅದು ಕಾಣ್ಲಿಕ್ಕಿಲ್ಲ. ಗ್ಯಾಸ್ ಪೂರ್ತಿ ಖಾಲಿ ಆಗಿದ್ರೆ ನೈಟ್ರೋಜನ್ ಹಾಕಿ ಪ್ರೆಶರ್ ಕೊಟ್ಟು ಹೀಗೇ ನೋಡುದು, ಟಯರಿಗೆ ಹೊಡಿಯುವ ಕಂಪ್ರೆಸರ್ ಗಾಳಿ ಹಾಕುದು ಬೇಡ, ಅದ್ರಲ್ಲಿ ನೀರಿನ ಪಸೆ ಇರ್ತದೆ. ಕೂಲಿಂಗ್ ಕಾಯಿಲೇ ಲೀಕ್ ಆದ್ರೆ ಕಣ್ಣಿಗೆ ಕಾಣುದಿಲ್ಲ, ಲೀಕ್ ಹುಡುಕುವ ಮೆಷಿನ್ ಹಿಡಿದೇ ನೋಡ್ಬೇಕು.

ಲೀಕ್ ಸರಿ ಮಾಡಿದ ಮೇಲೆ ವ್ಯಾಕ್ಯೂಮ್, ಅಂದ್ರೆ ಪಂಪಿಂದ ಪೈಪಿನ ಒಳಗಿನ ಗಾಳಿ, ನೀರಿನ ಪಸೆ ಎಲ್ಲ ಎಳೆದು ತೆಗೆಯುದು. ಇದನ್ನು ಹಾರಿಸುವವರು ತುಂಬ ಜನ ಇದ್ದಾರೆ, ಐದು ನಿಮಿಷ ಪಂಪು ಓಡಿಸಿ ಆಯ್ತು ಅಂತಾರೆ. ನಮ್ಮ ಊರಿನ ಗಾಳಿಯಲ್ಲಿ ಎಷ್ಟು ನೀರು ಉಂಟು ಅಂತ ಹೇಳುದು ಬೇಡ, ಪೈಪು ಬಿಚ್ಚಿದ ಕೂಡ್ಲೇ ಅದು ಒಳಗೆ ಹೋಗ್ತದೆ. ಒಳಗೆ ಉಳಿದ್ರೆ ಎಕ್ಸ್‌ಪಾನ್ಶನ್ ವಾಲ್ವಿನಲ್ಲಿ ಐಸ್ ಆಗಿ ಕಟ್ಟಿಕೊಳ್ತದೆ, ಸ್ವಲ್ಪ ಹೊತ್ತು ತಂಪು, ಮತ್ತೆ ಬಿಸಿ, ಆಫ್ ಮಾಡಿ ಹಾಕಿದ್ರೆ ಪುನಃ ತಂಪು, ಹೀಗೆ ಆಟ ಆಡಿಸ್ತದೆ. ಅರ್ಧ ಗಂಟೆಗೆ ಕಮ್ಮಿ ಇಲ್ಲದ ಹಾಗೆ ಪಂಪು ಓಡ್ಲಿ, ಆಮೇಲೆ ವಾಲ್ವ್ ಮುಚ್ಚಿ ಪ್ರೆಶರ್ ತೋರಿಸುವ ಗೇಜಿನ ಮುಳ್ಳು ನಿಂತಲ್ಲೇ ನಿಲ್ತದಾ ನೋಡ್ಲಿ. ಮೇಲೆ ಬಂದ್ರೆ ಇನ್ನೂ ಎಲ್ಲೋ ಲೀಕ್ ಉಂಟು, ಅಥವಾ ಒಳಗೆ ನೀರು ಉಳಿದಿದೆ.

ಇನ್ನು ಗ್ಯಾಸ್ ತೂಕ ಮಾಡಿ ಹಾಕ್ಬೇಕು. ಇಂಜಿನ್ ಆಫ್ ಇರುವಾಗ ಗೇಜ್ ಹಾಕಿ ನೂರು ತೋರಿಸ್ತದೆ, ಗ್ಯಾಸ್ ಫುಲ್ ಉಂಟು ಅಂತ ಹೇಳಿ ಕಳಿಸುವವರನ್ನು ನಾನು ನೋಡಿದ್ದೇನೆ. ವ್ಯಾನಿನ ಎಸಿಗೆ ಹಾಕುವ 134ಎ ಅನ್ನುವ ಗ್ಯಾಸ್ 30 ಡಿಗ್ರಿ ಸೆಕೆಯಲ್ಲಿ ನಿಂತಲ್ಲೇ ಪ್ರೆಶರಿನ ಅಳತೆಯಲ್ಲಿ 95ರಿಂದ 100 ಪಿಎಸ್‌ಐ ತೋರಿಸ್ತದೆ, ಒಳಗೆ ಅರ್ಧ ಭಾಗ ಇದ್ರೂ ಅಷ್ಟೇ, ಭರ್ತಿ ಇದ್ರೂ ಅಷ್ಟೇ. ಓಡುವಾಗಿನ ಲೆಕ್ಕವೇ ಲೆಕ್ಕ, ಲೋ ಸೈಡ್, ಅಂದ್ರೆ ಕಂಪ್ರೆಸರಿಗೆ ಗ್ಯಾಸ್ ವಾಪಸ್ ಬರುವ ಪೈಪು, 25ರಿಂದ 45ರ ಒಳಗೆ, ಹೈ ಸೈಡ್, ಅಂದ್ರೆ ಕಂಪ್ರೆಸರಿಂದ ಹೊರಗೆ ಹೋಗುವ ಪೈಪು, 200-250ರ ಆಸುಪಾಸು ಇದ್ರೆ ನಮ್ಮ ಹವೆಗೆ ಹೆಚ್ಚುಕಮ್ಮಿ ಸರಿ. ಎರಡೂ ಕಮ್ಮಿ ಇದ್ರೆ ಗ್ಯಾಸ್ ಕಮ್ಮಿ. ಎರಡೂ ಜಾಸ್ತಿ ಇದ್ರೆ ಗ್ಯಾಸ್ ಮಿಕ್ಕಿದೆ ಅಥವಾ ಕಂಡೆನ್ಸರಿಗೆ ಗಾಳಿ ಸಿಗ್ತಾ ಇಲ್ಲ. ಲೋ ಜಾಸ್ತಿ ಹೈ ಕಮ್ಮಿ ಆಗಿ ಎರಡೂ ಹತ್ತಿರ ಹತ್ತಿರ ಬಂದ್ರೆ ಕಂಪ್ರೆಸರ್ ಸೋತಿದೆ. ಎಷ್ಟು ಗ್ರಾಂ ಬೇಕು ಅಂತ ವ್ಯಾನಲ್ಲೇ ಸ್ಟಿಕ್ಕರ್ ಇರ್ತದೆ, ಅದು ಹರಿದು ಹೋಗಿದ್ರೆ ಮೆಕ್ಯಾನಿಕ್ ಪುಸ್ತಕ ನೋಡಿ ಹೇಳ್ಬೇಕು, ಅಂದಾಜಿಗೆ ತುಂಬಿಸುದಲ್ಲ.

ಗ್ಯಾಸೇ ಬೇಡದ ರಿಪೇರಿಗಳೂ ಉಂಟು. ಹೈವೇಲಿ ಓಡುವಾಗ ತಂಪು, ಕುಂಬಳೆಯಲ್ಲೋ ಉಪ್ಪಳದಲ್ಲೋ ಬ್ಲಾಕಲ್ಲಿ ನಿಂತ್ರೆ ಬಿಸಿ ಅಂತಾದ್ರೆ ಮೊದ್ಲು ಕಂಡೆನ್ಸರ್ ಫ್ಯಾನ್ ತಿರುಗ್ತದಾ ನೋಡಿ. ಹೆದ್ದಾರಿ ಕೆಲಸದ ಕೆಂಪು ಧೂಳು, ಅಡಿಕೆ ಗೋಣಿ ಸಾಗಿಸಿದ ಹುಡಿ ಎಲ್ಲ ಕಂಡೆನ್ಸರಿನ ಎಡೆಗೆ ಹೋಗಿ ಗೋಡೆ ಕಟ್ಟಿದ ಹಾಗೆ ಆಗಿರ್ತದೆ, ಮೆಲ್ಲಗೆ ನೀರು ಬಿಟ್ಟು ತೊಳಿಬೇಕು, ಸರ್ವಿಸ್ ಸ್ಟೇಶನಿನ ಗನ್ ಹತ್ತಿರ ಹಿಡಿದ್ರೆ ಎಸಳು ಮಡಚಿ ಹೋಗ್ತದೆ. ಬ್ಲೋವರ್ ಕೊನೇ ಸ್ಪೀಡಲ್ಲಿ ಮಾತ್ರ ಓಡ್ತದೆ ಅಂದ್ರೆ ಸ್ಪೀಡ್ ಕಮ್ಮಿ ಮಾಡುವ ರೆಸಿಸ್ಟರ್ ಹೋಗಿದೆ. ಕಾಲಡಿಗೆ ನೀರು ಬಂದ್ರೆ ಡ್ರೈನ್ ಪೈಪು ಕಟ್ಟಿದೆ.

ಕಂಪ್ರೆಸರನ್ನು ಇಂಜಿನ್ನಿನ ಬೆಲ್ಟಿಗೆ ಸೇರಿಸುವ ಕ್ಲಚ್ ಟಕ್ ಅಂತ ಹಿಡಿಯುದೇ ಇಲ್ಲ ಅಂತಾದ್ರೆ ಫ್ಯೂಸು, ರಿಲೇ, ವಯರು ನೋಡಿ. ಅದೆಲ್ಲ ಸರಿ ಇದ್ರೆ ಗ್ಯಾಸ್ ಕಮ್ಮಿ ಆದ ಕಾರಣ ಪ್ರೆಶರ್ ಸ್ವಿಚ್ಚೇ ಕಟ್ ಮಾಡಿರ್ಬಹುದು. ಆಗ ಆ ಸ್ವಿಚ್ಚಿಗೆ ವಯರ್ ತುಂಡು ಸಿಕ್ಕಿಸಿ ಡೈರೆಕ್ಟ್ ಕೊಡ್ತಾರಲ್ಲ, ದಯವಿಟ್ಟು ಅದಕ್ಕೆ ಒಪ್ಪಬೇಡಿ, ಗ್ಯಾಸ್ ಇಲ್ಲದೆ ಎಣ್ಣೆ ತಿರುಗುದಿಲ್ಲ, ಎಣ್ಣೆ ಇಲ್ಲದೆ ಕಂಪ್ರೆಸರ್ ಜಾಮ್, ಆಮೇಲೆ ಅದ್ರ ಹುಡಿ ಪೈಪಿಡೀ ಹೋಗಿ ಕೆಲಸ ದೊಡ್ಡದಾಗ್ತದೆ. ಅದಕ್ಕಿಂತ ಅಪಾಯ ಅಡುಗೆ ಗ್ಯಾಸ್ ತುಂಬಿಸುದು. ತಂಪಾಗ್ತದೆ, ಸುಳ್ಳಲ್ಲ, ಆದ್ರೆ ಕೂಲಿಂಗ್ ಕಾಯಿಲ್ ಇರುದು ಜನ ಕೂತ ಜಾಗದಲ್ಲಿ, ಗ್ಲಾಸ್ ಹಾಕಿದ ವ್ಯಾನಿನ ಒಳಗೆ ಲೀಕ್ ಆದ್ರೆ ಒಂದು ಸ್ವಿಚ್ಚಿನ ಕಿಡಿ ಸಾಕು. ಇದನ್ನು ಮಾಡುವವರಿಗೆ ನಾನು ಕೈ ಮುಗಿದು ಹೇಳ್ತೇನೆ, ಬೇಡ.

ಒಂದು ಎಸಿಗೆ ಇಷ್ಟೆಲ್ಲ ಯಾಕೆ ಅಂತ ಕೆಲವರಿಗೆ ಅನ್ನಿಸ್ಬಹುದು. ನಮ್ಮ ವ್ಯಾನಲ್ಲಿ ಹೋಗುವವರು ಯಾರು ಅಂತ ನೋಡಿ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆಯ ಎಂಡೋಸಲ್ಫಾನ್ ಅನ್ನುವ ಕೀಟನಾಶಕದಿಂದ ಪೀಡಿತ ಮನೆಯವರು, ಡಯಾಲಿಸಿಸಿಗೆ ಹೋಗುವವರು, ಹೆರಿಗೆಗೆ ಹೋಗುವವರು, ತಲಪಾಡಿ ದಾಟಿ ದೇರಳಕಟ್ಟೆಗೋ ಮಂಗಳೂರಿಗೋ ಹೋಗ್ಬೇಕು. ಸೀಟಲ್ಲಿ ಕೂರ್ಲಿಕ್ಕೆ ಆಗದೆ ಅಮ್ಮನ ಮಡಿಲಲ್ಲಿ ಮಲಗಿ ಬರುವ ಮಕ್ಕಳಿಗೆ ಮೇ ತಿಂಗಳ ಮಧ್ಯಾಹ್ನ ಗ್ಲಾಸ್ ಇಳಿಸಿ ಧೂಳು ಕುಡಿಸ್ಲಿಕ್ಕೆ ಆಗ್ತದಾ? ಹೊಸ ಆಂಬುಲೆನ್ಸು ತರಿಸುವ ತಾಕತ್ತು ಆ ಮನೆಗಳಿಗೆ ಇಲ್ಲ, ಹಳೇ ವ್ಯಾನೇ ಗತಿ. ಅಂಥಾ ಬಾಡಿಗೆಯಲ್ಲಿ ಅರ್ಧ ದಾರಿಗೆ ಎಸಿ ಕೈ ಕೊಟ್ರೆ ಡ್ರೈವರಿಗೆ ಮುಖ ಎತ್ತಿ ಹಿಂದೆ ನೋಡ್ಲಿಕ್ಕೆ ಆಗುದಿಲ್ಲ.

ಗಾಳಿಗೆ ಹೋಗುವ ಗ್ಯಾಸಿನ ವಿಷಯವೂ ಉಂಟು. 134ಎ ಓಝೋನಿಗೆ ತೊಂದರೆ ಕೊಡುದಿಲ್ಲ, ಆದ್ರೆ ಭೂಮಿ ಬಿಸಿ ಮಾಡುದ್ರಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ 1300 ಪಟ್ಟಿಗೂ ಜಾಸ್ತಿ. ಇಂಥ ಗ್ಯಾಸ್ ಕಮ್ಮಿ ಮಾಡ್ಬೇಕು ಅಂತ 2016ರಲ್ಲಿ ಆಫ್ರಿಕಾದ ರುವಾಂಡ ದೇಶದ ಕಿಗಾಲಿಯಲ್ಲಿ ಒಪ್ಪಂದ ಆಗಿ, 2021ರಲ್ಲಿ ನಮ್ಮ ದೇಶವೂ ಅದನ್ನು ಒಪ್ಪಿದೆ. ಆದ್ರೆ ಇಲ್ಲಿ ಪೈಪು ಬಿಚ್ಚುವಾಗ ಉಳಿದ ಗ್ಯಾಸನ್ನು ಬುಸ್ಸಂತ ಹೊರಗೆ ಬಿಡುದೇ ಕ್ರಮ, ಹಿಡಿದಿಡುವ ಮೆಷಿನ್ ಇರುವ ಗ್ಯಾರೇಜ್ ಅಪರೂಪ.

ಗ್ಯಾರೇಜಿನವರಲ್ಲಿ ನಂದು ಒಂದೇ ಕೋರಿಕೆ. ಬಿಲ್ಲಲ್ಲಿ ಬರೀ ಗ್ಯಾಸ್ ಚಾರ್ಜ್ ಅಂತ ಬರಿಬೇಡಿ, ಲೀಕ್ ಎಲ್ಲಿತ್ತು, ವ್ಯಾಕ್ಯೂಮ್ ಎಷ್ಟು ಹೊತ್ತು, ಎಷ್ಟು ಗ್ರಾಂ ಹಾಕಿದ್ದು, ಓಡುವಾಗ ಎರಡೂ ಗೇಜ್ ಎಷ್ಟು ತೋರಿಸಿತು ಅಂತ ಬರೆದು ಕೊಡಿ. ಅದಕ್ಕೆ ಕೂಲಿ ಜಾಸ್ತಿ ಆಗ್ತದೆ ಅಂದ್ರೆ ಕೇಳಿ, ಕೊಡುವವರು ಕೊಡ್ತಾರೆ. ನಮ್ಮ ವ್ಯಾನಿನವರೂ ಇನ್ನೂರು ಮುನ್ನೂರಕ್ಕೆ ಚೌಕಾಸಿ ಮಾಡಿ ಅರ್ಜೆಂಟ್ ಮಾಡುದು ಬಿಟ್ಟು ಅರ್ಧ ದಿನ ಗಾಡಿ ಅಲ್ಲೇ ಇಟ್ಟು ಬನ್ನಿ. ಮೊನ್ನೆ ಪತ್ರ ಬರೆದ ಅಣ್ಣನಿಗೆ ಹೇಳುದು, ವ್ಯಾನ್ ಮಾರುವ ಯೋಚನೆ ಈಗ ಬೇಡ, ಮಳೆ ಹಿಡಿಯುವ ಮೊದ್ಲು ಒಂದು ಸಲ ರ‍್ಯಾಂಪಿಗೆ ಹತ್ತಿಸಿ ಆ ಅಡಿಯ ಪೈಪಿನ ಕ್ಲಿಪ್ಪುಗಳನ್ನು ಬಿಚ್ಚಿಸಿ ನೋಡಿ.

ಇತಿ,
ಒಬ್ಬ ವ್ಯಾನ್ ಚಾಲಕ,
ಬದಿಯಡ್ಕ, ಕಾಸರಗೋಡು