ಹಲಸಿನ ಪುಟ ತೆರೆದುಕೊಟ್ಟ ನಿಮಗೆ

ಹೆಸರು ಕೇಳೋದೇ ಮರೆತೆ. ನೆದರ್‌ಲ್ಯಾಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ, ಮಳೆ ಹನಿಯುತ್ತಿದ್ದ ಆ ಮಧ್ಯಾಹ್ನ ಪಕ್ಕದ ಕುರ್ಚಿಯಿಂದ ಎದ್ದು ಬಂದವರು ನೀವು.

ನನ್ನ ಮುಂದೆ ‘ಹೋರ್ಟಸ್ ಮಲಬಾರಿಕಸ್’ ಇತ್ತು. ಮಲಬಾರಿನ, ಅಂದರೆ ಈಗಿನ ಕೇರಳದ ಕಡೆಯ ಗಿಡಮರಗಳ ಬಗ್ಗೆ ಡಚ್ ಅಧಿಕಾರಿ ವಾನ್ ರೀಡ್ ಕೊಚ್ಚಿಯಲ್ಲಿದ್ದಾಗ ಶುರು ಮಾಡಿಸಿದ ಲ್ಯಾಟಿನ್ ಪುಸ್ತಕ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಲ್ಯಾಟಿನ್ ಬಾರದ ನಾನು ಪುಟ ಮುಟ್ಟಲೂ ಹೆದರಿ ಕೂತಿದ್ದೆ.

ಕೈಗವಸು ಬೇಡ, ಕೈ ತೊಳೆದು ಒರೆಸಿಕೊಂಡರೆ ಸಾಕು ಅಂದಿರಿ. ಸ್ಪಂಜಿನ ದಿಂಬಿನ ಮೇಲೆ ಮೂರನೇ ಸಂಪುಟ ಇಟ್ಟಿರಿ. ಹಾಳೆ ಮಗುಚದ ಹಾಗೆ ಭಾರದ ದಾರ ಹಾಸಿ ಹಲಸು ತೋರಿಸಿದಿರಿ. ಎರಡು ಪುಟದ ಅಗಲಕ್ಕೆ ಹಲಸು! ಒಂದೊಂದು ಮುಳ್ಳನ್ನೂ ಬಿಡದೆ ಕೊರೆದಿದ್ದಾರೆ.

ಆಮೇಲೆ ಮೊದಲ ಸಂಪುಟದ ಆ ಪುಟ. ಕೇರಳದ ಈಳವ ಸಮುದಾಯದ ವೈದ್ಯ ಇಟ್ಟಿ ಅಚ್ಯುತನ್ ಜೊತೆ ಈ ಪುಸ್ತಕಕ್ಕೆ ಕೆಲಸ ಮಾಡಿದ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಅವರ ಹೇಳಿಕೆ. ನಾಗರಿ ಅಕ್ಷರ, ಕೊಂಕಣಿ ಮಾತು. ಕುಮಟಾದ ನಮ್ಮ ಮನೆಯಲ್ಲಿ ಅಜ್ಜಿ ಆಡುತ್ತಿದ್ದ ಭಾಷೆ ಅದು. ಕಣ್ಣು ತುಂಬಿ ಬಂತು. ನೀವು ಏನೂ ಕೇಳದೆ ಸ್ವಲ್ಪ ಹೊತ್ತು ಸುಮ್ನೆ ಕೂತಿರಿ.

ಹೊರಡುವ ಮೊದಲು ಇಂಡೋನೇಷ್ಯಾದ ವಸಾಹತು ಕಾಲದ ಫೋಟೋಗಳನ್ನೂ ತೋರಿಸಿದಿರಿ. 1817ರಲ್ಲಿ ಶುರುವಾದ ಬೊಗೋರ್ ಸಸ್ಯೋದ್ಯಾನದ್ದು ಒಂದಿತ್ತು. ಕೆಳಗೆ ಮರದ ಹೆಸರಿತ್ತು, ಪಕ್ಕದಲ್ಲಿ ನಿಂತ ಕೂಲಿಯಾಳಿನದ್ದು ಇರಲಿಲ್ಲ. ನೀವು ಅವನ ಮುಖದ ಮೇಲೇ ಭೂತಗನ್ನಡಿ ಹಿಡಿದಿರಿ. ಅದನ್ನು ನಾನು ಮರೆಯಲ್ಲ.

ತುಂಬಾ ಧನ್ಯವಾದ. ಆ ಹಲಸಿನ ಚಿತ್ರದ ಪ್ರತಿ ಈಗ ಅಜ್ಜಿಯ ಅಡುಗೆಮನೆ ಗೋಡೆಯಲ್ಲಿದೆ.